ನೀಲಿ ಕೋಟಿನ ಅಳತೆ

ಫೆಬ್ರವರಿ 11

ಅಕ್ಕಾ,

ಎಲ್ಲರ ಹಾಗೆ "ಇಲ್ಲಿ ಎಲ್ಲ ಕ್ಷೇಮ" ಎಂದು ಶುರು ಮಾಡಲು ಹೋದೆ. ಪೆನ್ನು ಅಲ್ಲೇ ನಿಂತಿತು. ಫೋನಿನಲ್ಲಾಗಿದ್ದರೆ ಈ ಸುಳ್ಳನ್ನು ಸಲೀಸಾಗಿ ಹೇಳಿಬಿಡುತ್ತಿದ್ದೆ. ಫೋನನ್ನು ಹೋದ ತಿಂಗಳು ರೂಮಿನ ಬಾಡಿಗೆಗೆಂದು ಮಾರಿದೆ, ಅದಕ್ಕೇ ಈ ಕಾಗದ. ಚಿಕ್ಕವಳಿದ್ದಾಗ ನೀನು ನನ್ನ ಕೈ ಹಿಡಿದು ತಿದ್ದಿಸಿದ ಅಕ್ಷರ ಇದು. ಈಗ ಸಾಲು ಬಿಟ್ಟು ಕೆಳಗೆ ಜಾರುತ್ತಿದೆ, ನೋಡು.

ಬೈಂಡಿಂಗ್ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಯಿತು, ಒಂದು ಪುಟ ತಪ್ಪಿಸಿದವಳಲ್ಲ. ಹೋದ ವಾರ ಇನ್ನೂರು ಪುಸ್ತಕಕ್ಕೆ ಮಡಿಸಿದ ಹಾಳೆಗಳ ಮೂರನೇ ಫಾರಂ ಎರಡು ಸಲ ಹಾಕಿ, ನಾಲ್ಕನೆಯದನ್ನು ಬಿಟ್ಟು ಹೊಲಿದಿದ್ದೇನೆ. ಕೊಂಡವರು ಹದಿನಾರು ಪುಟ ಓದಿ, ಮತ್ತೆ ಅದೇ ಹದಿನಾರು ಪುಟ ಓದಬೇಕು. ಮೇಸ್ತ್ರಿ ಬೈಯಲಿಲ್ಲ. "ಏನಮ್ಮಾ, ಮನೇಲಿ ಯಾರಾದ್ರೂ ಹೋದ್ರಾ?" ಎಂದು ಮೆಲ್ಲಗೆ ಕೇಳಿದರು. ಯಾರೂ ಹೋಗಿಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಬೆಳಿಗ್ಗೆ ಎಚ್ಚರವಾದ ಮೇಲೆ ಕಾಲನ್ನು ನೆಲಕ್ಕಿಡಲು ಎರಡು ಗಂಟೆ ಬೇಕು. ಅಳು ಬಂದರೆ ಹಗುರವಾಗುತ್ತಿತ್ತೇನೋ, ಅದೂ ಬರುವುದಿಲ್ಲ. ದೊಡ್ಡ ರಸ್ತೆಯ ಡಾಕ್ಟರ ಹತ್ತಿರ ಒಮ್ಮೆ ಹೋಗಿದ್ದೆ. ಚೀಟಿಯಲ್ಲಿ ತೀವ್ರ ಖಿನ್ನತೆ ಎಂದು ಬರೆದರು. "ಇದು ಕಾಯಿಲೆ, ಸೋಮಾರಿತನ ಅಲ್ಲ. ವಾಸಿ ಆಗುತ್ತೆ. ಆದ್ರೆ ಬಿಡದೆ ಬರ್ಬೇಕು," ಎಂದರು. ಬಿಡದೆ ಹೋಗಲು ಅವರ ಫೀಸು ನನ್ನ ಕೈಗೆ ಎಟುಕುವಂಥದ್ದಲ್ಲ. ನಮ್ಮದು ಮಾಡಿದಷ್ಟಕ್ಕೆ ಕೂಲಿ, ಈಗ ಮಾಡುವುದೇ ಆಗುತ್ತಿಲ್ಲ.

ಐದಾರು ತಿಂಗಳು ನೀನು ಸ್ವಲ್ಪ ಕೈ ಹಿಡಿಯುತ್ತೀಯಾ? ಆಗದಿದ್ದರೂ ಬೇಜಾರಿಲ್ಲ.

ನಿನ್ನ
ಗುಬ್ಬಿ

*

ಫೆಬ್ರವರಿ 20

ಗುಬ್ಬೀ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಡಾಕ್ಟರಿಗೇನಮ್ಮಾ, ಹೋದವರಿಗೆಲ್ಲ ಒಂದೊಂದು ಕಾಯಿಲೆಯ ಹೆಸರು ಬರೆದುಕೊಡುತ್ತಾರೆ. ನನ್ನ ಹೊಲಿಗೆ ಅಂಗಡಿಗೆ ಬಂದವರಿಗೆ ನಾನೂ "ನಿಮಗೊಂದು ಹೊಸ ಜೊತೆ ಬಟ್ಟೆ ಬೇಕೇ ಬೇಕು" ಎನ್ನುತ್ತೇನೆ.

ನಿಜ ಹೇಳಲೇ? ಓದುತ್ತಾ ಓದುತ್ತಾ ಹೊಟ್ಟೆ ಉರಿಯಿತು. ಎರಡು ಗಂಟೆ ಹಾಸಿಗೆಯಲ್ಲಿ ಬಿದ್ದಿರುವ ಭಾಗ್ಯ ನನಗೆ ಬರುವುದು ಯಾವಾಗ? ಏಳು ಗಂಟೆಗೆ ಅಂಗಡಿ ಬಾಗಿಲು ತೆಗೆಯದಿದ್ದರೆ ಎದುರು ಅಂಗಡಿಯವನಿಗೆ ನನ್ನ ಗಿರಾಕಿ. ನಿನ್ನದು ಮೊದಲಿನಿಂದಲೂ ಹೀಗೆಯೇ. ನಿನಗೆ ಕಾಲು ನೋವೆಂದರೆ ಅಪ್ಪನ ಹೆಗಲು ಸಿದ್ಧ, ನನಗೆ ನೋವೆಂದರೆ "ನೀನು ದೊಡ್ಡವಳು ಕಣೇ". ಕಾಂಪೌಂಡಿನಿಂದ ಬಿದ್ದು ಎಡಗೈ ಮುರಿದುಕೊಂಡೆಯಲ್ಲ, ತಿಂಗಳುಗಟ್ಟಲೆ ಅಪ್ಪ ನಿನಗೆ ತುತ್ತು ಮಾಡಿ ಬಾಯಿಗಿಟ್ಟರು. ನನಗೆ ಕೈ ಮುರಿದುಕೊಳ್ಳಲೂ ಪುರುಸೊತ್ತು ಇರಲಿಲ್ಲ. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಸುಸ್ತಾಗುವ ಹಕ್ಕು ಇದ್ದದ್ದು ನಿನಗೊಬ್ಬಳಿಗೇ.

ದುಡ್ಡಿನ ವಿಷಯ: ಕೈಯಲ್ಲಿ ಏನೂ ಇಲ್ಲ. ಶಾಲೆಗಳ ಯೂನಿಫಾರಂ ಆರ್ಡರು ಬರುವವರೆಗೆ ಅಂಗಡಿ ಒಣಗಿಕೊಂಡೇ ಇರುತ್ತದೆ. ನೀನು ಬೆಳಿಗ್ಗೆ ಬಿಸಿಲಿನಲ್ಲಿ ನಡೆ, ಹೊಟ್ಟೆ ತುಂಬ ಊಟ ಮಾಡು, ಕೆಲಸ ಬಿಡಬೇಡ. ಕೈಗೆ ಕೆಲಸ ಕೊಟ್ಟರೆ ಮನಸ್ಸು ತಾನೇ ಸರಿಹೋಗುತ್ತದೆ.

ಅಕ್ಕ

*

ಮಾರ್ಚ್ 29

ಅಕ್ಕಾ,

ಈ ಅಕ್ಷರ ನನ್ನದಲ್ಲ. ಪಕ್ಕದ ರೂಮಿನಲ್ಲಿರುವ ಬಸ್ ಕಂಡಕ್ಟರಮ್ಮ ಬರೆಯುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ಪೆನ್ನು ಹಿಡಿದರೆ ಕೈ ನಡುಗುತ್ತದೆ. ಮಾತ್ರೆಯಿಂದ ಹೀಗಂತೆ, ಕಡಿಮೆಯಾಗುತ್ತದಂತೆ.

ತಿಂಗಳಿನ ಮೊದಲ ವಾರ ನಾನು ಎರಡು ದಿನ ಬಾಗಿಲು ತೆಗೆದಿರಲಿಲ್ಲ. ಬದುಕಿರುವುದು ಯಾಕೆ ಎನ್ನುವುದು ಬಿಟ್ಟರೆ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಡ್ಯೂಟಿ ಮುಗಿಸಿ ಬಂದ ಇವಳು, ನಾನು ಬಾಗಿಲು ತೆಗೆಯುವವರೆಗೂ ಬಡಿದಳು. ಒಳಗೆ ಬಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೂರಿಸಿ ತಲೆ ಬಾಚಿದಳು. ಆಮೇಲೆ, "ಮಂಗಳವಾರ ನನ್ನ ಬಸ್ ಹತ್ತು. ಎಲ್ಲಿ ಇಳಿಸ್ಬೇಕು ಅಂತ ನನಗ್ಗೊತ್ತು," ಎಂದಳು.

ಅವಳ ಬಸ್ಸಿನ ದಾರಿಯಲ್ಲೇ ಸರ್ಕಾರಿ ದೊಡ್ಡಾಸ್ಪತ್ರೆ. ಅಲ್ಲಿ ಮನಸ್ಸಿನ ಕಾಯಿಲೆಗೆಂದೇ ಒಂದು ವಿಭಾಗವಿದೆ, ಮಂಗಳವಾರ ನೋಡುತ್ತಾರೆ. ಒಂಬತ್ತು ವರ್ಷ ಅದರ ಮುಂದೆಯೇ ಓಡಾಡಿದ್ದೇನೆ, ನನಗೆ ಗೊತ್ತೇ ಇರಲಿಲ್ಲ. ಮೊದಲ ಸಲ ಹೋದಾಗ, ವರಮಾನ ಇಷ್ಟೇ ಎಂದು ತೋರಿಸುವ ಚೀಟಿ ಇಲ್ಲವೆಂದು ಕೌಂಟರಿನವರು ವಾಪಸು ಕಳಿಸಿದರು. ನಾನು ಅಷ್ಟಕ್ಕೇ ಕೈ ಚೆಲ್ಲಿದೆ. ಇವಳು ರಜೆ ಹಾಕಿ ನಮ್ಮ ಮೇಸ್ತ್ರಿಯ ಹತ್ತಿರ ಹೋಗಿ ಬರೆಸಿಕೊಂಡು ಬಂದಳು. ಮುಂದಿನ ಮಂಗಳವಾರ ನನ್ನ ಪಕ್ಕದಲ್ಲೇ ನಿಂತು ಸಾಲು ಕಾದಳು. ಈಗ ಫೀಸು ಮಾಫಿ, ಮಾತ್ರೆಯನ್ನೂ ಅಲ್ಲೇ ಕೊಡುತ್ತಾರೆ. ಡಾಕ್ಟರಿಕೆ ಕಲಿಯುತ್ತಿರುವ ಹುಡುಗಿಯೊಬ್ಬಳು ಅರ್ಧ ಗಂಟೆ ಕೂತು ನನ್ನ ಮಾತು ಕೇಳುತ್ತಾಳೆ. ಅಮ್ಮನ ಬಗ್ಗೆಯೂ ಹೇಳಿದೆ.

ಮಾತ್ರೆ ಹಿಡಿಯಲು ಮೂರು ನಾಲ್ಕು ವಾರ ಬೇಕಂತೆ. ಕಾಯುತ್ತಿದ್ದೇನೆ.

ಗುಬ್ಬಿ

ಇದು ಬರೆದವಳ ಮಾತು: ಗುಬ್ಬಿ ಇವತ್ತು ಅರ್ಧ ತಟ್ಟೆ ಊಟ ಮಾಡಿದಳು. ಕೆಳಗೆ ನನ್ನ ಫೋನ್ ನಂಬರ್ ಇದೆ. ಯಾವಾಗ ಬೇಕಾದರೂ ಮಾಡಿ.

*

ಏಪ್ರಿಲ್ 6

ಗುಬ್ಬೀ,

ನಿನಗೆ ಔಷಧಿ ಸಿಕ್ಕಿದ್ದು ಒಳ್ಳೆಯದಾಯಿತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದು ಅಷ್ಟು ಚೆನ್ನಾಗಿರುವುದಿಲ್ಲ.

ನಿನಗೆ ಗುಬ್ಬಿ ಎಂದು ಹೆಸರಿಟ್ಟವಳು ನಾನು. ಹುಟ್ಟಿದಾಗ ಬಾಯಿ ಒಂದೇ ಇದ್ದ ಹಾಗಿದ್ದೆ, ತೆರೆದುಕೊಂಡೇ ಇರುತ್ತಿದ್ದೆ. ಅಪ್ಪ ಕೂಡ ನನ್ನಿಂದ ಕಲಿತು ಹಾಗೆ ಕರೆದದ್ದು. ಆ ಟಿಕೆಟ್ ಹರಿಯುವವಳಿಗೆ ಆ ಹೆಸರನ್ನು ಯಾರು ಕೊಟ್ಟರು? ಅಕ್ಷರವೂ ಹಾಗೆಯೇ ಇದೆ, ಬಸ್ಸು ಓಡುತ್ತಿರುವಾಗ ಗೀಚಿದಂತೆ. ನಿನ್ನ ಮಾತು ಯಾವುದು, ಅವಳು ಸೇರಿಸಿದ್ದು ಯಾವುದು ಎಂದು ನನಗೆ ಹೇಗೆ ಗೊತ್ತಾಗಬೇಕು?

ತಲೆ ಬಾಚಿದಳಂತೆ. ನಿನಗೆ ಬೈತಲೆ ಎಡಕ್ಕೆ ತೆಗೆಯಬೇಕು, ನಡುವೆ ತೆಗೆದರೆ ತಲೆನೋವು ಬರುತ್ತದೆ. ಅದು ಅವಳಿಗೆ ಗೊತ್ತೇ? ಅರ್ಧ ತಟ್ಟೆ ಊಟ ಮಾಡಿಸಿದ್ದಕ್ಕೆ ನನಗೆ ವರದಿ ಬೇರೆ. ನಾನು ನಿನಗೆ ಎಷ್ಟು ತಟ್ಟೆ ಊಟ ಮಾಡಿಸಿಲ್ಲ? ಅದನ್ನೆಲ್ಲ ಯಾರಿಗೆ ಬರೆದು ಕಳಿಸಿದ್ದೆ?

"ನಂಬರ್ ಕೊಟ್ಟಿದಾಳಲ್ಲ, ಫೋನ್ ಮಾಡೇ," ಎಂದು ನಿಮ್ಮ ಭಾವ ಮೂರು ದಿನದಿಂದ ತಲೆ ತಿನ್ನುತ್ತಿದ್ದಾರೆ. ನನ್ನ ತಂಗಿಯನ್ನು ಮಾತನಾಡಿಸಲು ಇನ್ನೊಬ್ಬಳ ಅಪ್ಪಣೆ ಕೇಳುವಷ್ಟು ಇಳಿದಿಲ್ಲ ಎಂದೆ.

ಇನ್ನು ಆ ಡಾಕ್ಟರ ಹುಡುಗಿ. ಅಮ್ಮನ ಬಗ್ಗೆ ಅವಳಿಗೆ ಏನು ಹೇಳಿದೆ? ನಿನಗಾಗ ಆರು ವರ್ಷ. ಏನು ನೆನಪಿರುತ್ತದೆ? ಅಮ್ಮನಿಗೆ ಸುಸ್ತಿತ್ತು, ಆಮೇಲೆ ಜ್ವರ ಬಂತು, ಹೋದರು. ಅದರಲ್ಲಿ ಹೊರಗಿನವರಿಗೆ ಹೇಳುವಂಥದ್ದು ಏನೂ ಇಲ್ಲ. ಮನೆಯ ಮಾತನ್ನು ಕೇಳಲು ನಾನಿನ್ನೂ ಬದುಕಿದ್ದೇನೆ.

ನನಗೆ ಹೇಳಿದ್ದೆ ಎನ್ನುತ್ತೀಯ. ಹೌದು, ಫೆಬ್ರವರಿಯಲ್ಲಿ ಬರೆದಿದ್ದೆ. ಆದರೆ ನೀನು ಕೇಳಿದ್ದು ದುಡ್ಡು.

ಅಕ್ಕ

*

ಏಪ್ರಿಲ್ 18

ಅಕ್ಕಾ,

ಇವತ್ತೂ ಅವಳೇ ಬರೆಯುತ್ತಿದ್ದಾಳೆ, ಸಿಟ್ಟು ಮಾಡಿಕೊಳ್ಳಬೇಡ. ಬೈತಲೆಯನ್ನು ಎಡಕ್ಕೇ ತೆಗೆಯುತ್ತಾಳೆ. ನಾನೇ ಹೇಳಿಕೊಟ್ಟೆ.

ಮಾತ್ರೆಯ ಪ್ರಮಾಣ ಬದಲಾಯಿಸಿದ್ದಾರೆ. ನಿನ್ನೆ ಕಿಟಕಿಯಿಂದ ಕೆಳಗೆ ಯಾರೋ ಜಗಳವಾಡುವುದನ್ನು ನೋಡುತ್ತಾ ನಿಂತಿದ್ದೆ. ಯಾರು ಗೆಲ್ಲುತ್ತಾರೆ ಎಂದು ಕುತೂಹಲವಾಯಿತು. ಇಷ್ಟು ದಿನ ಅಷ್ಟೂ ಇರಲಿಲ್ಲ.

ಮುಂದಿನ ತಿಂಗಳಿನಿಂದ ಅರ್ಧ ದಿನದ ಕೆಲಸಕ್ಕೆ ಬಾ ಎಂದು ಮೇಸ್ತ್ರಿ ಹೇಳಿ ಕಳಿಸಿದ್ದಾರೆ. ನೀಲಿ ಕೋಟು ಇಲ್ಲದೆ ಒಳಗೆ ಬಿಡುವುದಿಲ್ಲ, ನಿನಗೆ ಗೊತ್ತಲ್ಲ. ಒಂದು ಕೋಟು ಹೊಲಿದುಕೊಡುತ್ತೀಯಾ? ನಿಧಾನವಾಗಿಯೇ ಆಗಲಿ. ಅಳತೆ ಕೆಳಗಿದೆ.

ಗುಬ್ಬಿ

ಎದೆ ಮೂವತ್ತೊಂದು. ಸೊಂಟ ಇಪ್ಪತ್ತೈದು. ಬೆನ್ನಿನ ಉದ್ದ ಹದಿನೈದೂವರೆ. ತೋಳು: ಬಲ ಇಪ್ಪತ್ತೆರಡು, ಎಡ ಇಪ್ಪತ್ತೊಂದೂವರೆ.

*

ಏಪ್ರಿಲ್ 26

ಗುಬ್ಬೀ,

ನಾನು ಇಪ್ಪತ್ತೆರಡು ವರ್ಷದಿಂದ ಟೇಪು ಹಿಡಿದವಳು. ನನ್ನ ಕಣ್ಣಿಗೆ ಮಣ್ಣೆರಚಬೇಡ.

ನಿನ್ನ ಅಳತೆಗೆ ನಾನು ಪುಸ್ತಕ ತೆಗೆಯಬೇಕಾಗಿಲ್ಲ. ಎದೆ ಮೂವತ್ತಾರು, ಸೊಂಟ ಮೂವತ್ತು. ಮೂವತ್ತೊಂದು, ಇಪ್ಪತ್ತೈದು ಎನ್ನುವುದು ಯಾರೋ ಕಡ್ಡಿಯಂಥವಳ ಅಳತೆ. ದಿನವಿಡೀ ಬಸ್ಸಿನಲ್ಲಿ ನಿಂತೇ ಇರುವವರು ಹಾಗಿರುತ್ತಾರೆ. ಎರಡು ವರ್ಷದ ಹಿಂದೆ ನಿನಗೆ ನೀಲಿ ಕೋಟು ಹೊಲಿದು ಕಳಿಸಿದ್ದೆ, ಕಾಲರಿಗೆ ಕ್ಯಾನ್ವಾಸ್ ಹಾಕಿ, ಜೇಬಿಗೆ ಎರಡೆರಡು ಹೊಲಿಗೆ ಕೊಟ್ಟು. ಹತ್ತು ವರ್ಷ ಅದಕ್ಕೇನೂ ಆಗುವುದಿಲ್ಲ. ಆ ಕೋಟು ಇದ್ದಾಗ ಇನ್ನೊಂದು ಯಾರಿಗೆ?

ಅವಳಿಗೆ ಏನಾದರೂ ಕೊಡಬೇಕು ಎಂದಿದ್ದರೆ "ಅವಳಿಗೊಂದು ಹೊಲಿದು ಕೊಡಕ್ಕಾ" ಎಂದು ನೇರವಾಗಿ ಕೇಳಬಹುದಿತ್ತು. ಹೊಲಿದುಕೊಡುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು. ಬಸ್ಸಿನವರೂ ನೀಲಿ ಕೋಟನ್ನೇ ಹಾಕುತ್ತಾರೆಂದು ನನಗೆ ಗೊತ್ತಿಲ್ಲವೇ? ನಿನ್ನ ಹೆಸರು ಹೇಳಿ, ಅವಳ ಕೈಯಿಂದಲೇ ಬರೆಸಿ, ಅವಳ ಅಳತೆ ಕಳಿಸಿದ್ದೀಯ. ನನ್ನ ಹೆಸರು ನಿನಗೆ ಬಟ್ಟೆ ಹೊಲಿಸುವಾಗ ಮಾತ್ರ ನೆನಪಾಗುತ್ತದೆ. ಕೂರಿಸಿ ಮಾತನಾಡಿಸಲು ಅವಳು, ಕಷ್ಟ ಕೇಳಲು ಡಾಕ್ಟರ ಹುಡುಗಿ, ಸೂಜಿ ಪೋಣಿಸಲು ನಾನು.

ಕೋಟು ಹೊಲಿಯುವುದಿಲ್ಲ.

ಅಕ್ಕ

*

ಮೇ 5

ಅಕ್ಕಾ,

ಕೋಟು ಬೇಡ. ವಾದ ಮಾಡಲು ಶಕ್ತಿಯಿಲ್ಲ. ಇಷ್ಟನ್ನು ನನ್ನ ಕೈಯಿಂದಲೇ ಬರೆಯಬೇಕೆಂದು ಬೆಳಿಗ್ಗೆಯಿಂದ ಕೂತಿದ್ದೇನೆ.

ನಿನ್ನ ಕಾಗದವನ್ನು ಕಂಡಕ್ಟರಮ್ಮನಿಗೆ ತೋರಿಸಲಿಲ್ಲ. ಅವಳಿಗೆ ನಿನ್ನ ಮೇಲೆ ಒಳ್ಳೆಯ ಅಭಿಪ್ರಾಯವಿದೆ. ಹಾಗೇ ಇರಲಿ.

ಗುಬ್ಬಿ

*

ಮೇ 16

ಗುಬ್ಬೀ,

ನಿನ್ನ ನಾಲ್ಕು ಸಾಲಿನ ಕಾಗದ ಬಂದ ಮೇಲೆ ನನಗೆ ಛಲ ಹುಟ್ಟಿತು. ಒಳ್ಳೆಯ ಅಭಿಪ್ರಾಯವಂತೆ! ಇರಲಿ, ಅವಳು ಜನ್ಮದಲ್ಲಿ ತೊಟ್ಟಿರದಂಥ ಕೋಟು ಹೊಲಿದು ಕಳಿಸುತ್ತೇನೆ, ತೊಟ್ಟಾಗಲೆಲ್ಲ ನನ್ನ ನೆನಪಾಗಿ ನಾಚಬೇಕು ಎಂದುಕೊಂಡು ಒಳ್ಳೆಯ ಬಟ್ಟೆ ತೆಗೆದೆ. ಹಿಂಭಾಗ, ಮುಂಭಾಗ ಗೆರೆ ಎಳೆದಾಯಿತು. ತೋಳಿಗೆ ಬಂದೆ. ಬಲ ಇಪ್ಪತ್ತೆರಡು, ಎಡ ಇಪ್ಪತ್ತೊಂದೂವರೆ.

ಸೀಮೆಸುಣ್ಣ ಅಲ್ಲೇ ನಿಂತಿತು. ಅರ್ಧ ಇಂಚು ಗಿಡ್ಡ ಇರುವ ಎಡಗೈ ನನ್ನ ಅಳತೆ ಪುಸ್ತಕದಲ್ಲಿ ಒಬ್ಬಳದೇ ಇರುವುದು. ಕಾಂಪೌಂಡಿನಿಂದ ಬಿದ್ದವಳದು. ಪುಸ್ತಕ ತೆಗೆದು ನೋಡಿದೆ. ಬೆನ್ನಿನ ಉದ್ದ ಹದಿನೈದೂವರೆ, ಅದೂ ನಿನ್ನದೇ. ಮನುಷ್ಯರ ಸುತ್ತಳತೆ ಬದಲಾಗುತ್ತದೆ, ಉದ್ದದ ಅಳತೆ ಬದಲಾಗುವುದಿಲ್ಲ. ಕೆಲಸ ಕಲಿಯಲು ಬಂದವರಿಗೆ ಮೊದಲ ದಿನ ನಾನು ಹೇಳಿಕೊಡುವ ಮಾತು ಇದು. ಮೊದಲೆರಡು ಅಂಕಿ ಓದಿ ಕುದಿಯತೊಡಗಿದವಳು ಕೆಳಗಿನ ಸಾಲು ಓದಲೇ ಇಲ್ಲ.

ಐದು ಇಂಚು ಇಳಿದಿದ್ದೀಯ, ನಾನು ಅದಕ್ಕೆ ಹೊಟ್ಟೆಕಿಚ್ಚು ಪಟ್ಟೆ.

ನಿಮ್ಮ ಭಾವನ ಫೋನು ಕಿತ್ತುಕೊಂಡು ಆ ನಂಬರಿಗೆ ಮಾಡಿದೆ. ಹಿಂದೆ ಬಸ್ಸಿನ ಸದ್ದು. "ಆ ಅಳತೆ ಅವಳದೇನಾ?" ಎಂದು ಕೇಳಿದೆ, ಹೆಸರು ಕೂಡ ಹೇಳದೆ. ಅವಳು ತಕ್ಷಣ ಗುರುತು ಹಿಡಿದಳು. "ಹೌದಕ್ಕಾ. ಎಷ್ಟು ಇಳಿದುಹೋಗಿದಾಳೆ ಅಂತ ಬರೆಯೋಕೆ ಗುಬ್ಬಿ ಬಿಡಲಿಲ್ಲ. ನೀವು ಟೈಲರ್ ಅಲ್ವಾ, ಅಳತೆ ನೋಡಿದ್ರೆ ನಿಮಗೇ ಗೊತ್ತಾಗುತ್ತೆ ಅಂತ ನಾನೇ ಟೇಪ್ ಹಿಡಿದು ಬರೆದೆ. ಹಳೇ ಕೋಟಲ್ಲಿ ಅವಳ ಜೊತೆ ಇನ್ನೊಬ್ರು ಹಿಡೀತಾರೆ," ಎಂದಳು. ಬೈಯುತ್ತಾಳೇನೋ ಎಂದು ಕಾದೆ. "ಸ್ಟಾಪ್ ಬಂತು, ಆಮೇಲೆ ಮಾಡ್ಲಾ?" ಎಂದು ಕೇಳಿದಳು.

ಈಗ ನಾನು ಮುಚ್ಚಿಟ್ಟದ್ದನ್ನು ಕೇಳು. ಫೆಬ್ರವರಿಯಲ್ಲಿ ನಿನ್ನ ಕಾಗದ ಬಂದ ದಿನವೇ ಅಂಗಡಿಗೆ ಬಟ್ಟೆಯ ಅಂಚು ಹೊಲಿಯುವ ಹೊಸ ಓವರ್‌ಲಾಕ್ ಮೆಷಿನ್ ಬಂದಿಳಿಯಿತು. ಅದರ ಮೇಲೆ ನಿನ್ನ ಕಾಗದ ಇಟ್ಟುಕೊಂಡೇ "ಕೈಯಲ್ಲಿ ಏನೂ ಇಲ್ಲ" ಎಂದು ಬರೆದೆ. ಏನೂ ಇಲ್ಲದಿದ್ದದ್ದು ನಿಜ. ಮೆಷಿನ್ನನ್ನು ಹಿಂದಕ್ಕೆ ಕಳಿಸಬಹುದಿತ್ತು ಎನ್ನುವುದೂ ನಿಜ.

ಇನ್ನೊಂದಿದೆ, ಅದಕ್ಕಿಂತ ಹಳೆಯದು. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ವರ್ಷ ನನಗೆ ಹದಿನಾಲ್ಕು, ಆಗಷ್ಟೇ ಹೊಲಿಗೆ ಕಲಿಯುತ್ತಿದ್ದೆ. "ಬಟ್ಟೆ ಸಡಿಲ ಆಗಿದೆ, ಸ್ವಲ್ಪ ಹಿಡಿದುಕೊಡು ಮಗಳೇ," ಎನ್ನುತ್ತಿದ್ದರು. ಆ ವರ್ಷ ಅಮ್ಮನ ಬಟ್ಟೆಗಳನ್ನು ನಾಲ್ಕು ಸಲ ಒಳಗೆ ಹಿಡಿದೆ. ಯಾಕೆ ಸಡಿಲವಾಗುತ್ತಿದೆ ಎಂದು ಒಂದು ಸಲವೂ ಕೇಳಲಿಲ್ಲ. ಕೈ ಕುದುರಿತು, ಹೊಲಿಗೆ ನೇರ ಬರುತ್ತಿದೆ ಎಂದು ಹಿಗ್ಗುತ್ತಿದ್ದೆ. ಅದಕ್ಕೇ ನೀನು ಆ ಹುಡುಗಿಗೆ ಅಮ್ಮನ ವಿಷಯ ಹೇಳಿದೆ ಎಂದಾಗ ನನ್ನ ಮೈ ಉರಿದದ್ದು. ಎಲ್ಲಿ ನನ್ನ ಹೆಸರು ಬಂತೋ ಎಂದು.

ಕೋಟು ಮುಗಿದಿದೆ, ಅಂಚೆಗೆ ಹಾಕುವುದಿಲ್ಲ. ಬರುವ ಸೋಮವಾರ ಹೊರಡುತ್ತೇನೆ. ಮಂಗಳವಾರ ನಿನ್ನ ಜೊತೆ ಸಾಲಿನಲ್ಲಿ ನಿಲ್ಲುವವಳು ನಾನು. ಅವಳು ಬೇಕಾದರೆ ಬಸ್ಸಿನಲ್ಲಿ ಟಿಕೆಟ್ ಕೊಡಲಿ. ಇನ್ನು ಮೇಲೆ ನೀನು ಆಸ್ಪತ್ರೆಗೆ ಹೋಗುವ ಮಂಗಳವಾರಗಳ ಕೂಲಿ ಕೊಡುವವಳು ನಾನು, ಮೆಷಿನ್ನು ದುಡಿದು ಕೊಡುತ್ತದೆ.

ಪಕ್ಕದ ಹೊಲಿಗೆಗಳಲ್ಲಿ ಒಳಗೆ ಎರಡೆರಡು ಬೆರಳು ಬಟ್ಟೆ ಬಿಟ್ಟಿದ್ದೇನೆ, ನೀನು ಮೈತುಂಬಿಕೊಂಡಾಗ ಬಿಚ್ಚಿ ದೊಡ್ಡದು ಮಾಡಲು. ಅದನ್ನು ಬಿಚ್ಚುವವಳು ನಾನೇ. ಬೇರೆ ಯಾರ ಕೈಗೂ ಕೊಡಕೂಡದು. ಯಾರೆಂದು ನಿನಗೆ ಗೊತ್ತು.

ಅಕ್ಕ

*

ಸೆಪ್ಟೆಂಬರ್ 9

ಅಕ್ಕಾ,

ಈ ಸಲ ಪೂರ್ತಿ ನನ್ನ ಅಕ್ಷರ. ಕೊನೆಯವರೆಗೂ ಸಾಲು ಬಿಟ್ಟು ಜಾರುವುದಿಲ್ಲ ಎಂದು ಹಠ ಹಿಡಿದು ಬರೆಯುತ್ತಿದ್ದೇನೆ.

ನೀನು ಬಂದುಹೋದಾಗ ಕೇಳಿದ್ದೆಯಲ್ಲ, ಅಳತೆ ನನ್ನದೇ ಎಂದು ಒಂದು ಸಾಲು ಬರೆಯಲು ಏನಾಗಿತ್ತು ಎಂದು. ಆಗ ನಾನು ಮಾತು ಬದಲಾಯಿಸಿದೆ. ನೀನು ಹೆದರಬಾರದೆಂದು ಬರೆಯಲಿಲ್ಲ ಎಂದು ಡಾಕ್ಟರ ಹುಡುಗಿಗೆ ಹೇಳಿದೆ. ಅವಳು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ಆ ನೋಟಕ್ಕೆ ಸುಳ್ಳು ನಿಲ್ಲುವುದಿಲ್ಲ. ಆಮೇಲೆ ನಿಜ ಹೊರಬಿತ್ತು: ನೀನೇ ಕಂಡುಹಿಡಿಯಬೇಕು ಎಂದು ನನಗೆ ಹಠವಿತ್ತು. ಬಾಗಿಲು ಬಡಿದವಳು ಪಕ್ಕದ ರೂಮಿನವಳು, ನೀನಲ್ಲ ಎಂದು ಒಳಗೊಳಗೇ ಸಿಟ್ಟಿತ್ತು.

ಅವಳಿಗೆ ಇನ್ನೂ ಒಂದು ಹೇಳಿದೆ, ಅದನ್ನು ನಿನಗೂ ಹೇಳುತ್ತೇನೆ. ಹೊಟ್ಟೆಕಿಚ್ಚು ನಿನ್ನೊಬ್ಬಳ ಆಸ್ತಿಯಲ್ಲ. ನಿನಗೆ ಅಮ್ಮ ಹದಿನಾಲ್ಕು ವರ್ಷ ಸಿಕ್ಕರು, ನನಗೆ ಆರು. ನೀನು ಅವರ ಬಟ್ಟೆ ಮುಟ್ಟಿ ಹೊಲಿದಿದ್ದೀಯ. ನನಗೆ ಅವರ ಬೆನ್ನು ಮಾತ್ರ ನೆನಪಿದೆ. ನಾಲ್ಕು ಸಲ ಹಿಡಿದೆ ಎಂದು ನೀನು ಅಳುತ್ತಾ ಹೇಳುವಾಗಲೂ ನನಗೆ ಅನ್ನಿಸಿದ್ದು, ನಾಲ್ಕು ಸಲ ಅಮ್ಮ ನಿನ್ನನ್ನು ಕರೆದರಲ್ಲ ಎಂದು.

ಪೂರ್ತಿ ವಾಸಿಯಾಗಿದೆ ಎನ್ನಲಾರೆ. ಹೋದ ವಾರ ಎರಡು ದಿನ ಮತ್ತೆ ಹಾಸಿಗೆ ಬಿಡಲಿಲ್ಲ. ಆದರೆ ಈಗ ಹಾಗಾದರೆ ಏನು ಮಾಡಬೇಕು, ಯಾರಿಗೆ ಹೇಳಬೇಕು ಎಂದು ಗೊತ್ತು. ಮೂರನೇ ದಿನ ಎದ್ದು ಕೆಲಸಕ್ಕೆ ಹೋದೆ. ಫಾರಂಗಳನ್ನು ಎರಡೆರಡು ಸಲ ಎಣಿಸಿ ಜೋಡಿಸುತ್ತೇನೆ. ಮೇಸ್ತ್ರಿ ನಗುತ್ತಾರೆ, ನಗಲಿ.

ಮುಖ್ಯ ವಿಷಯ ಇದು. ಕೋಟು ಬಿಗಿಯಾಗುತ್ತಿದೆ. ನಿನ್ನೆ ಕೈ ಎತ್ತಿದರೆ ಬಗಲಿನಲ್ಲಿ ಹಿಡಿದುಕೊಂಡಿತು. ಕಂಡಕ್ಟರಮ್ಮ ನೋಡಿ, "ಒಳಗೆ ಇಷ್ಟೊಂದು ಬಟ್ಟೆ ಇದೆಯಲ್ಲೇ, ಎರಡು ನಿಮಿಷದ ಕೆಲಸ," ಎಂದು ಬ್ಲೇಡು ಹಿಡಿದುಕೊಂಡೇ ಬಂದಳು. "ಮುಟ್ಟಿದ್ರೆ ನೋಡು," ಎಂದು ಕೂಗಿಬಿಟ್ಟೆ. ಅವಳಿಗೆ ಸ್ವಲ್ಪ ಬೇಜಾರಾಯಿತು. ಆಗಲಿ ಬಿಡು.

ನೀನು ಬರುವವರೆಗೆ ಮೇಲಿನ ಎರಡು ಬಟನ್ ಹಾಕದೆ ತೊಟ್ಟುಕೊಳ್ಳುತ್ತೇನೆ.

ಗುಬ್ಬಿ